ಹಬ್ಬದ ನಂತರದ ಡಿಸ್ಕು

ಹೊಳೆನರಸೀಪುರದ ಕಾಲೇಜಿನಲ್ಲಿ ಕೈಕೊಟ್ಟ ಡಿಸ್ಕಿನ ತಪ್ಪನ್ನು ಕಂಡುಹಿಡಿದವನು ನಾನು ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ನಿಜವಾಗಿ ಏನು ನಡೆಯಿತೋ ನನಗೆ ಖಚಿತವಿಲ್ಲ. ಚಿತ್ರವೇನೋ ಕಣ್ಣಿಗೆ ಕಟ್ಟಿದಂತಿದೆ: ಹಾಸನದ ನಮ್ಮ ಆಫೀಸಿನ ಕಿಟಕಿ, ಬೆಳಕಿಗೆ ಓರೆಯಾಗಿ ಹಿಡಿದ ಡಿಸ್ಕು, ಅದರ ಹೊಳೆಯುವ ಬದಿಯಲ್ಲಿ ಒಂದು ಕೆಂಪು ಬೊಟ್ಟು. ತೊಂದರೆಯೆಂದರೆ ನನ್ನ ಜೊತೆ ಕೆಲಸ ಮಾಡಿದ ಜಗದೀಶನೂ ಇದೇ ಚಿತ್ರವನ್ನು ಹೇಳುತ್ತಾನೆ. ಅದೇ ಕಿಟಕಿ, ಅದೇ ಓರೆ, ಅದೇ ಬೊಟ್ಟು. ಕೈ ಮಾತ್ರ ಅವನದು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಯಾರಾದರೂ ಏನನ್ನಾದರೂ ಕಂಡೆ ಎಂದರೆ, ಯಾವ ಬೆಳಕಿನಲ್ಲಿ ಕಂಡಿರಿ, ಜೊತೆಗೆ ಯಾರಿದ್ದರು, ಇನ್ನೊಮ್ಮೆ ನೋಡಿದಿರಾ ಎಂದು ಕೇಳುವುದು ನನ್ನ ಚಾಳಿ. ಇದರಿಂದ ನನಗೆ ಸ್ನೇಹಿತರು ಕಡಿಮೆ. ಅವೇ ಪ್ರಶ್ನೆಗಳನ್ನು ನನ್ನ ನೆನಪಿಗೆ ಕೇಳಲು ಶುರುಮಾಡಿದ್ದು ನಿವೃತ್ತಿಯಾದ ಮೇಲೆ, ಜಗದೀಶನ ಸನ್ಮಾನದ ಊಟ ಅರ್ಧಕ್ಕೇ ಬಿಟ್ಟು ಎದ್ದು ಬಂದ ದಿನದಿಂದ. ಅಲ್ಲಿಗೆ ಬರುತ್ತೇನೆ. ಮೊದಲು ಕೆಲಸದ ವಿಷಯ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಂದು ಪೆನ್ ಡ್ರೈವ್ ಚುಚ್ಚಿ ಕಾಫಿಗೆ ಹೋಗುತ್ತಾರೆ. ಬರುವಷ್ಟರಲ್ಲಿ ಕಂಪ್ಯೂಟರ್ ಸಿದ್ಧ. ನಮ್ಮದು ವಿಂಡೋಸ್ ಎಕ್ಸ್‌ಪಿ ಕಾಲ, ಅದನ್ನು ಸಿ.ಡಿ.ಯಿಂದ ಹಾಕುತ್ತಿದ್ದ ಕಾಲ. ಹಾಸನದ ಬಿ.ಎಂ. ರಸ್ತೆಯ ಒಂದು ಮಹಡಿಯ ಮೇಲೆ ನಮ್ಮ ಸಂಸ್ಥೆ ಇತ್ತು. ಸುತ್ತಲ ತಾಲ್ಲೂಕುಗಳ ಕಾಲೇಜು, ಸಹಕಾರ ಸಂಘ, ಸಣ್ಣಪುಟ್ಟ ಕಚೇರಿಗಳ ಕಂಪ್ಯೂಟರುಗಳನ್ನು ನಾವು ನೋಡಿಕೊಳ್ಳುತ್ತಿದ್ದೆವು. ಹೊಸ ಕಂಪ್ಯೂಟರುಗಳ ಒಳಗಿನ ಹಾರ್ಡ್ ಡಿಸ್ಕನ್ನು ಹಳೆಯ ಸಿ.ಡಿ. ಗುರುತಿಸುತ್ತಲೇ ಇರಲಿಲ್ಲ. ಅರ್ಧಕ್ಕೆ ನೀಲಿ ಪರದೆ ಬಂದು ನಿಲ್ಲುತ್ತಿತ್ತು. ಕನ್ನಡ ಅಕ್ಷರಗಳನ್ನು ಬೇರೆಯಾಗಿ ಹಾಕಬೇಕಿತ್ತು. ಹಾಗಾಗಿ ನಾವೇ ನಮಗೆ ಬೇಕಾದ ಫೈಲುಗಳನ್ನು ಸೇರಿಸಿ, ಬೇಡದ್ದನ್ನು ತೆಗೆದು, ನಮ್ಮದೇ ಒಂದು ಡಿಸ್ಕು ಸಿದ್ಧಪಡಿಸುತ್ತಿದ್ದೆವು. ಮೊದಲ ಪ್ರತಿಗೆ ಮಾಸ್ಟರ್ ಎಂದು ಹೆಸರು. ಅದರ ನಕಲುಗಳು ಊರೂರಿಗೆ.

ಕೇಳಲು ಸುಲಭ. ಆದರೆ ಇನ್‌ಸ್ಟಾಲ್ ಮಾಡುವ ಪ್ರೋಗ್ರಾಮು ಮದುವೆಮನೆಯ ಅಡುಗೆ ಭಟ್ಟರ ಹಾಗೆ. ಅದರ ಕೈಯಲ್ಲಿ ಒಂದು ಸಾಮಾನಿನ ಚೀಟಿ ಇರುತ್ತದೆ. ಚೀಟಿಯಲ್ಲಿ ಇಂಗು ಎಂದಿದ್ದು ಉಗ್ರಾಣದಲ್ಲಿ ಇಂಗಿಲ್ಲದಿದ್ದರೆ ಒಲೆ ಆರಿಸಿ ಕೂತುಬಿಡುತ್ತದೆ. ನೀವು ಬುದ್ಧಿವಂತರಾಗಿ ಚೀಟಿಯಿಂದಲೂ ಇಂಗನ್ನು ಹೊಡೆದುಹಾಕಿದರೆ ಅಡುಗೆ ಮುಗಿಯುತ್ತದೆ, ಸಾರು ಬಾಯಿಗಿಟ್ಟವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಸಿಸ್ಟಮ್ ಫೈಲಿನ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಎರಡೇ ಜಾತಿ. ಉಳಿದ ಕಾಲು ಪಾಲಿನ ಒಂದು ತಪ್ಪು ನನ್ನನ್ನು ಇನ್ನೂ ಬಿಟ್ಟಿಲ್ಲ.

ಜಗದೀಶ ಹಿರೀಸಾವೆ ಕಡೆಯವನು. ಇಬ್ಬರದೂ ಒಂದೇ ವಿಶ್ವವಿದ್ಯಾಲಯ, ಒಂದೇ ವಿಭಾಗ, ಒಂದೇ ವರ್ಷ. ಅಂಕ ನನ್ನದು ಹೆಚ್ಚು. ಇದನ್ನು ಬರೆಯಬೇಕಾದ ಅಗತ್ಯವೇನೂ ಇಲ್ಲ, ಆದರೂ ಬರೆದಿದ್ದೇನೆ. ನಾನು ಒಂದು ಕಚೇರಿಗೆ ಹೋದರೆ ಮೊದಲು ಕಂಪ್ಯೂಟರ್ ನೋಡುತ್ತಿದ್ದೆ. ಅವನು ಹೋದರೆ ಮೊದಲು ಅಲ್ಲಿನವರ ಅತ್ತೆಯ ಮಂಡಿನೋವು ವಿಚಾರಿಸುತ್ತಿದ್ದ. ಕೆಲಸ ಇಬ್ಬರದೂ ಆಗುತ್ತಿತ್ತು, ನನ್ನದು ತುಸು ಬೇಗವೇ ಆಗುತ್ತಿತ್ತು. ಆದರೆ ಮುಂದಿನ ಸಲ ನಾನು ಮೆಟ್ಟಿಲು ಹತ್ತುವಾಗ ಒಳಗಿನಿಂದ ಬರುತ್ತಿದ್ದ ಮಾತು ಒಂದೇ: "ಯಾಕ್ಸಾ, ಜಗದೀಶಪ್ಪೋರು ಬರ್ನಿಲ್ವಾ?"

ಹಿರೀಸಾವೆಯ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಒಂದೇ ಟೇಬಲ್ಲಿಗೆ ಕೂತು ಒಂದೇ ದೋಸೆ ಹೇಳಿದರೂ ಅವನ ದೋಸೆಯ ಮೇಲೆ ಬೆಣ್ಣೆ ಉಂಡೆ ದೊಡ್ಡದಿರುತ್ತಿತ್ತು. ಇದು ನನ್ನ ಭ್ರಮೆ ಇರಬಹುದೆಂದು ಒಂದು ಸಲ ತಟ್ಟೆ ಬದಲಾಯಿಸಿ ನೋಡಿದೆ. ಹೋಟೆಲಿನವರು, "ಅದು ಅವ್ರುದು ಸಾ," ಎಂದು ವಾಪಸು ಬದಲಾಯಿಸಿದರು.

ನಮ್ಮ ಮೇಲಿನವರು ನಂಜೇಗೌಡರು. ಸಂಸ್ಥೆ ಅವರದೇ ಅಲ್ಲದಿದ್ದರೂ ಅವರದೇ ಎನ್ನುವ ಹಾಗಿದ್ದರು. ಕಂಪ್ಯೂಟರ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಎರಡೇ ಸ್ಥಿತಿ: "ಆಗ್ಯದೆ," "ಆಗಿಲ್ಲ." ನಡುವಿನ ವಿವರಣೆ ಕೇಳುವ ತಾಳ್ಮೆ ಅವರಿಗಿರಲಿಲ್ಲ. ನಾನು ಹಾರ್ಡ್ ಡಿಸ್ಕಿನ ಡ್ರೈವರ್ ಎಂದು ಶುರುಮಾಡಿದರೆ ಕೈ ಎತ್ತುತ್ತಿದ್ದರು. "ಲೇ ಚಂದ್ರು, ನಿಂಗೆ ಎಲ್ಲಾ ಗೊತ್ತದೆ ಕಣ್ಲಾ. ಅದ್ಕೇ ತಡ ಆಗೋದು. ಜಗದೀಶನ್ನ ಕಳ್ಸು."

ಒಂದು ಸಲ ಅರಕಲಗೂಡಿನ ಸಹಕಾರ ಸಂಘದಲ್ಲಿ ನಡೆದದ್ದು ಹೇಳುತ್ತೇನೆ. ಡಿಸ್ಕು ಹಗುರವಾಗಲೆಂದು ನಾನು ಚೀನಿ, ಜಪಾನಿ, ಅರಬ್ಬಿ ಎಂದು ಬೇಡದ ಭಾಷೆಗಳ ಗುಂಪುಗಳನ್ನು ತೆಗೆದೆ. ಎರಡು ದೊಡ್ಡ ಗುಂಪುಗಳಿದ್ದವು. ಎರಡನೆಯದನ್ನು ತೆಗೆದಾಗ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಜೊತೆ, ಕನ್ನಡದ ಅಕ್ಷರ, ಒತ್ತಕ್ಷರ ಕೂಡಿಸುವ ಫೈಲುಗಳೂ ಹೋದವು. ಹಾಗೆ ಗುಂಪುಮಾಡಿದ್ದು ನಾನಲ್ಲ. ಇನ್‌ಸ್ಟಾಲೇಶನ್ ಸಲೀಸಾಗಿ ಮುಗಿಯಿತು. ಸಂಘದ ಕಾರ್ಯದರ್ಶಿಗಳು ತಮ್ಮ ಸಭೆಯ ಸೂಚನಾಪತ್ರ ತೆರೆದರೆ ಪರದೆ ತುಂಬ ಖಾಲಿ ಚೌಕಗಳು.

"ಏನ್ಸಾ ಇದು, ಕಿಟಕಿ ಜೋಡ್ಸಿಟ್ಟಂಗದೆ. ಕನ್ನಡಾನ ಎಲ್ಲಿಗ್ ಕಳ್ಸುಬುಟ್ರಿ?"

ನಾನು ಕಾರಣ ವಿವರಿಸತೊಡಗಿದೆ. ಅಷ್ಟರಲ್ಲಿ ಜಗದೀಶ ಬೇರೆ ಕೆಲಸಕ್ಕೆ ಬಂದವನು ಒಳಗೆ ಇಣುಕಿದ, ತನ್ನ ಚೀಲದಿಂದ ಒಂದು ಸಿ.ಡಿ. ತೆಗೆದು ಆ ಫೈಲುಗಳನ್ನು ಹಾಕಿಕೊಟ್ಟ. "ಚಂದ್ರು ಸಾರ್ ಎಂ.ಎಸ್ಸಿ. ಕಣ್ರೀ, ಅವ್ರಿಗೆ ಚೌಕದಲ್ಲೇ ಅರ್ಥ ಆಯ್ತದೆ. ನಮ್ಗೆ ಅಕ್ಷರ ಬೇಕು," ಎಂದ. ಕಾರ್ಯದರ್ಶಿಗಳು ನಕ್ಕೂ ನಕ್ಕೂ ಕೆಮ್ಮಿದರು. ಅವನೂ ಎಂ.ಎಸ್ಸಿ.ಯೇ ಎಂದು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಆ ಸಿ.ಡಿ.ಯನ್ನು ನನಗೂ ಮೊದಲೇ ಕೊಡಬಹುದಿತ್ತಲ್ಲ ಎಂದು ನಾನು ಬಸ್ಸಿನಲ್ಲಿ ಹಾಸನದವರೆಗೂ ಯೋಚಿಸಿದೆ. ಕೊಟ್ಟಿದ್ದನೋ ಏನೋ. ಅದೂ ಈಗ ಖಚಿತವಿಲ್ಲ.

ಆ ತಪ್ಪು ತಿದ್ದಿ ಹೊಸ ಮಾಸ್ಟರ್ ಮಾಡಿದವನು ನಾನು. ಇದರಲ್ಲಿ ಅನುಮಾನವಿಲ್ಲ, ಜಗದೀಶನೂ ಒಪ್ಪುತ್ತಾನೆ. ಮೊದಲ ನಕಲು ಅರಕಲಗೂಡಿಗೇ ಹೋಯಿತು, ಚೆನ್ನಾಗಿ ನಡೆಯಿತು. ಆಮೇಲೆ ಆಯುಧಪೂಜೆ ಬಂತು.

ನಮ್ಮಲ್ಲಿ ಆಯುಧಪೂಜೆಯೆಂದರೆ ಕಂಪ್ಯೂಟರಿಗೆ ಹಾರ, ಪ್ರಿಂಟರಿಗೆ ಹಾರ, ಸ್ಕ್ರೂ ಡ್ರೈವರುಗಳನ್ನು ಮಣೆಯ ಮೇಲೆ ಸಾಲಾಗಿ ಜೋಡಿಸಿ ಅವಕ್ಕೂ ಬೊಟ್ಟು. ಪೂಜೆ ಮಾಡುತ್ತಿದ್ದವರು ನಂಜೇಗೌಡರು, ಹೊಸ ಪಂಚೆ ಉಟ್ಟು. ಆ ವರ್ಷ ಮಾಸ್ಟರ್ ಡಿಸ್ಕನ್ನೂ ಮಣೆಗೆ ತರಿಸಿದರು. "ನಮ್ಮ ಅನ್ನ ಇರೋದೇ ಇದ್ರಲ್ಲಿ ಕಣ್ರಲಾ. ಕತ್ರಿ, ಇಕ್ಕಳಕ್ಕೆಲ್ಲ ಪೂಜೆ ಮಾಡಿ ಇದ್ನ ಬಿಡದಾ?" ಹೊಳೆಯುವ ಬದಿಯನ್ನು ಮುಟ್ಟಬಾರದು, ಕಂಪ್ಯೂಟರ್ ಓದುವುದು ಆ ಬದಿಯನ್ನೇ ಎಂದು ನಾನು ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ನನಗೆ ಮಂಗಳಾರತಿಯ ಹೊಗೆ ನೆನಪಿದೆ. ಡಿಸ್ಕು ಅವರ ಕೈಯಲ್ಲಿ ಹೇಗಿತ್ತು ಎಂಬುದು ನೆನಪಿಲ್ಲ. ಪೂಜೆಯಾದ ಮೇಲೆ ಅವರು ಅದನ್ನು ಪಂಚೆಯ ಚುಂಗಿನಿಂದ ಒರೆಸಿ ಕವರಿಗೆ ಹಾಕಿದರು.

ಹಬ್ಬ ಕಳೆದು ಹೊಳೆನರಸೀಪುರದ ಕಾಲೇಜಿನಿಂದ ಕರೆ ಬಂತು. ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ಹೊಸದಾಗಿ ಸಿದ್ಧಪಡಿಸಬೇಕು, ಮಾರನೆಯ ದಿನ ಪ್ರಾಯೋಗಿಕ ಪರೀಕ್ಷೆ. ಲ್ಯಾಬಿನ ಹೊಣೆ ಹೊತ್ತವರು ಇಂದಿರಾ ಮೇಡಂ, ಕಂಪ್ಯೂಟರ್ ಉಪನ್ಯಾಸಕಿ. ಮಾಸ್ಟರಿನಿಂದ ಹೊಸ ನಕಲುಗಳನ್ನು ತೆಗೆದುಕೊಂಡು ನಾನು, ಜಗದೀಶ ಇಬ್ಬರೂ ಹೋದೆವು. ಒಂದೇ ಬೈಕಿನಲ್ಲಿ, ಅವನದರಲ್ಲಿ.

ಡಿಸ್ಕು ಹಾಕಿದೆವು. ಫೈಲುಗಳು ಒಂದೊಂದಾಗಿ ನಕಲಾಗುತ್ತ ಬಂದು ಒಂದು ಫೈಲಿನ ಹೆಸರು ತೋರಿಸಿ, ಇದನ್ನು ನಕಲಿಸಲಾಗುತ್ತಿಲ್ಲ ಎಂದು ನಿಂತಿತು. ಪಕ್ಕದ ಕಂಪ್ಯೂಟರು, ಇನ್ನೊಂದು ನಕಲು, ಅದೇ ಫೈಲು. ಆಚೆಯದು, ಅಲ್ಲಿಯೂ ಅದೇ. ಆ ಫೈಲನ್ನು ಬಿಟ್ಟು ಮುಂದೆ ಹೋಗು ಎಂಬ ಕೀಲಿ ಒತ್ತಿದರೆ ಹೋಗುತ್ತಿತ್ತು, ಕೊನೆಯಲ್ಲಿ ಕಂಪ್ಯೂಟರು ಮತ್ತೆ ಶುರುವಾಗುವಾಗ ಸಿಸ್ಟಮ್ ಫೈಲು ಕೆಟ್ಟಿದೆ ಎಂದು ಕಪ್ಪು ಪರದೆಯಲ್ಲಿ ಕೂತುಬಿಡುತ್ತಿತ್ತು.

ಜಗದೀಶ ಕಂಪ್ಯೂಟರಿನ ಮೆಮೊರಿ ಕೆಟ್ಟಿರಬೇಕೆಂದ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ದಿನ ಕೆಡುವುದೇ ಎಂದು ನಾನು ರೇಗಿದೆ. ನಾನು ಫೈಲುಗಳ ಚೀಟಿಯಲ್ಲಿ ತಪ್ಪಿರಬೇಕೆಂದೆ. ಚೀಟಿ ಮಾಡಿದವನು ನೀನೇ ಅಲ್ಲವೇ ಎಂದು ಅವನು ನಕ್ಕ. ಇಂದಿರಾ ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಸಾರ್, ನೀವಿಬ್ರೂ ಆಮೇಲೆ ಜಗಳ ಆಡ್ಕೊಳ್ಳಿ. ಹಳೇಕೋಟೆಯಿಂದೆಲ್ಲ ಮಕ್ಳು ಬೆಳಗ್ಗೆ ಮೊದ್ಲು ಬಸ್ಸಿಗೆ ಬರ್ತಾರೆ. ಹೊರಗಿನ ಪರೀಕ್ಷಕರು ಬರ್ತಾರೆ. ಕಪ್ಪು ಪರದೆ ತೋರ್ಸಿ ಏನಂತ ಮಾರ್ಕ್ಸ್ ಹಾಕ್ಸ್ಲಿ?"

"ಮೇಡಂ, ಒಂದು ಗಂಟೆ ಕೊಡಿ," ಎಂದೆ.

"ಮೇಡಂ, ಮೊದ್ಲು ಒಂದು ಕಾಫಿ ಕೊಡಿ," ಎಂದ ಜಗದೀಶ. ಅವರು ನಕ್ಕರು! ಆ ಸಂಕಟದಲ್ಲೂ ನಕ್ಕರು. ನನಗೆ ಒಂದು ಗಂಟೆಯೂ ಸಿಗಲಿಲ್ಲ, ಅವನಿಗೆ ಕಾಫಿ ಬಂತು. ನನಗೂ ಬಂತು, ಅವನ ಲೆಕ್ಕದಲ್ಲಿ.

ಅರಕಲಗೂಡಿನ ಸಂಘಕ್ಕೆ ಫೋನ್ ಮಾಡಿ ಅವರಲ್ಲಿದ್ದ ಹಳೆಯ ನಕಲನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿ ಎಂದದ್ದು ನಾನು. ಬಸ್ ನಿಲ್ದಾಣಕ್ಕೆ ಹೋಗಿ ಅದನ್ನು ತಂದದ್ದು ಜಗದೀಶ. ಆ ಡಿಸ್ಕಿನಲ್ಲಿ ಎಲ್ಲ ಕಂಪ್ಯೂಟರುಗಳೂ ಒಂದೇ ಏಟಿಗೆ ಎದ್ದವು. ಪರೀಕ್ಷೆ ನಡೆಯಿತು. ಮೇಡಂ ಮರ್ಯಾದೆ ಉಳಿಯಿತು.

ಒಂದೇ ಮಾಸ್ಟರಿನ ಎರಡು ನಕಲು. ಒಂದು ನಡೆಯುತ್ತದೆ, ಒಂದು ಇಲ್ಲ. ನಾನು ಲ್ಯಾಬಿನಲ್ಲೇ ಎರಡನ್ನೂ ಪಕ್ಕಪಕ್ಕದ ಕಂಪ್ಯೂಟರಿನಲ್ಲಿ ಹಾಕಿ ಆ ಫೈಲನ್ನು ತೆರೆದೆ. ಹೆಸರು ಒಂದೇ, ಅಳತೆಯೂ ಒಂದೇ. ಆದರೆ ಹೊಸ ನಕಲಿನಲ್ಲಿ ಫೈಲಿನ ನಡುಭಾಗ ಖಾಲಿ, ಬರೀ ಸೊನ್ನೆಗಳು. ಅಂದರೆ ನಕಲು ಮಾಡುವಾಗ ಮಾಸ್ಟರಿನ ಆ ಜಾಗವನ್ನು ಓದಲು ಆಗಿಲ್ಲ. ನಕಲು ಮಾಡುವ ಪ್ರೋಗ್ರಾಮಿನಲ್ಲಿ "ಓದಲಾಗದ್ದನ್ನು ಬಿಟ್ಟು ಮುಂದುವರಿ" ಎಂಬ ಕಡೆ ಯಾರೋ ಟಿಕ್ ಹಾಕಿದ್ದರು, ಅದು ತುಟಿಪಿಟಕ್ಕೆನ್ನದೆ ಸೊನ್ನೆ ತುಂಬಿ ಮುಂದುವರಿದಿತ್ತು. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಿ: ಅಡ್ಡಿಯಿಲ್ಲದೆ ಮುಗಿದ ನಕಲನ್ನು ಅಡ್ಡಿಯಾದದ್ದಕ್ಕಿಂತ ಹೆಚ್ಚು ಅನುಮಾನಿಸಿ. ಎರಡು ನಕಲುಗಳ ನಡುವೆ ಮಾಸ್ಟರಿಗೆ ಏನೋ ಆಗಿದೆ. ನಡುವೆ ಬಂದದ್ದೇನು? ಹಬ್ಬ.

"ಹಬ್ಬ" ಎಂದವರು ಯಾರು? ನಾನು ಎಂದು ನನ್ನ ನೆನಪು.

ಹಾಸನಕ್ಕೆ ಬಂದೆವು. ಮಾಸ್ಟರನ್ನು ಕವರಿನಿಂದ ತೆಗೆದು, ಕಿಟಕಿಯ ಬೆಳಕಿಗೆ ಓರೆ ಹಿಡಿದು, ಕೆಂಪು ಬೊಟ್ಟು ನೋಡಿದ್ದು. ಆ ಕೈ ಯಾರದು ಎಂಬುದೇ ನನ್ನ ತಕರಾರು.

ಆಮೇಲೆ ನಾನೇ ಮತ್ತೊಂದು ಮಾಸ್ಟರ್ ಮಾಡಿದೆ. ಆದರೆ ಸಂಗತಿಯನ್ನು ಊರೂರಿನಲ್ಲಿ ಹೇಳಿಕೊಂಡು ಬಂದವನು ಅವನು. ಹೊಸ ಡಿಸ್ಕಿಗೆ ಸುತ್ತಲ ತಾಲ್ಲೂಕುಗಳಲ್ಲೆಲ್ಲ "ಜಗದೀಶನ ಡಿಸ್ಕು" ಎಂದು ಹೆಸರಾಯಿತು. ಶ್ರವಣಬೆಳಗೊಳದ ಒಂದು ಲಾಡ್ಜಿನವರು ನನ್ನ ಕೈಯಿಂದಲೇ ಡಿಸ್ಕು ಇಸಿದುಕೊಂಡು, "ಇದು ಜಗದೀಶಪ್ಪೋರದ್ದೇ ತಾನೆ ಸಾ? ಬ್ಯಾರೆದು ಬ್ಯಾಡ," ಎಂದು ಕೇಳಿದರು. ಹೌದು ಎಂದೆ. ಇಲ್ಲ ಎಂದಿದ್ದರೆ ವಾಪಸು ಕೊಡುತ್ತಿದ್ದರು.

ಮೊನ್ನೆ ಚನ್ನರಾಯಪಟ್ಟಣದಲ್ಲಿ ಅವನ ನಿವೃತ್ತಿಗೆ ಸನ್ಮಾನವಿತ್ತು. ನನ್ನ ನಿವೃತ್ತಿಗೆ ಆಫೀಸಿನಲ್ಲಿ ಉಪ್ಪಿಟ್ಟು, ಕೇಸರಿಬಾತು ಆಗಿತ್ತು. ಅವನಿಗೆ ಕಲ್ಯಾಣ ಮಂಟಪ. ಶಾಲು, ಪೇಟ, ಹಣ್ಣಿನ ಬುಟ್ಟಿ. ಮೈಕು ಕೈಗೆ ಬಂದ ಕೂಡಲೆ ಕುಂಕುಮದ ಕಥೆ ತೆಗೆದ. "ಕಿಟಕಿ ತಾವ್ಕೆ ತಗಂಡೋಗಿ ಹಿಂಗ್ ತಿರುಗ್ಸಿ ನೋಡ್ತೀನಿ, ಡಿಸ್ಕಿನ ಹೊಟ್ಟೆ ಮ್ಯಾಲೆ ಕಾಸಗಲ ಕುಂಕುಮ! ಮುತ್ತೈದೆ ಆಗ್ಬುಟ್ಟದೆ! ಕಂಪ್ಯೂಟ್ರು ಪಾಪ ನಾಚ್ಕಂಡು ಓದಾಕಾಗ್ದೆ ಕೂತದೆ!" ಮಂಟಪವೇ ನಕ್ಕಿತು. ನನ್ನ ಹೆಂಡತಿ ನಕ್ಕಳು. ನಾನು ಹೋಳಿಗೆಯನ್ನು ಎಲೆಯ ತುದಿಗೆ ತಳ್ಳಿ ಎದ್ದೆ.

ಮಾರನೆಯ ವಾರ ಹೊಳೆನರಸೀಪುರಕ್ಕೆ ಹೋದೆ. ಇಂದಿರಾ ಮೇಡಂ ನಿವೃತ್ತರಾಗಿ ಅಲ್ಲೇ ಇದ್ದಾರೆ. ಲ್ಯಾಬಿನಲ್ಲಿ ಮೊದಲು "ಹಬ್ಬ" ಎಂದವರು ಯಾರು ಎಂದು ಕೇಳಿದೆ. ಅವರು ಆಶ್ಚರ್ಯದಿಂದ ನೋಡಿದರು.

"ನಾನೇ ಅಲ್ವಾ ಸಾರ್? ನೀವಿಬ್ರೂ ಕಿತ್ತಾಡ್ತಾ ಇದ್ರಿ. ಹಬ್ಬದಲ್ಲಿ ಏನಾದ್ರೂ ಪೂಜೆ ಗೀಜೆ ಮಾಡಿದ್ರಾ ಅಂತ ನಾನೇ ಕೇಳ್ದೆ. ನಮ್ಮ ಲ್ಯಾಬಲ್ಲೂ ಕೀಬೋರ್ಡಿಗೆ ಅಕ್ಷತೆ ಹೋಗಿತ್ತಲ್ಲ!"

ಒಂದು ಸಂಶೋಧನೆಗೆ ಮೂವರು ವಾರಸುದಾರರು. ನಾನು ಅವರನ್ನು ನಂಬಲಿಲ್ಲ, ಸುಳ್ಳು ಎನ್ನಲೂ ಆಗಲಿಲ್ಲ. ಅವರ ಮುಖದಲ್ಲಿ ಇದ್ದ ನಿಶ್ಚಯ ನನ್ನ ಮುಖದಲ್ಲೂ ಇದ್ದಿರಬೇಕು.

ಉಳಿದಿದ್ದವರು ನಂಜೇಗೌಡರು. ಹಾಸನದಲ್ಲೇ ಇದ್ದಾರೆ, ವಯಸ್ಸಾಗಿದೆ, ದನಿ ಮಾತ್ರ ಹಾಗೇ ಇದೆ. "ಬಾರ್ಲಾ ಚಂದ್ರು, ಏನ್ಲಾ ಇಷ್ಟ್ ಬಡವಾಗಿದ್ದೀಯೆ," ಎಂದು ಹಜಾರದಲ್ಲಿ ಕೂರಿಸಿದರು. ಮಾಸ್ಟರ್ ಡಿಸ್ಕಿನ ಮಾತು ತೆಗೆದೆ.

"ಅದಾ? ಅದು ಇಲ್ಲೇ ಅದೆ."

"ಇದೆಯಾ?"

"ಪೂಜೆ ಮಾಡಿದ್ನ ಕಸಕ್ಕಾಕ್ತಾರಾ? ನೀನು ಕೆಟ್ಟೋಗ್ಯದೆ, ಎಸೀರಿ ಅಂದೆ. ನಾನು ಮನೆಗ್ ತಂದು ಇಟ್ಕಂಡೆ." ಎದ್ದು ಹೋಗಿ ದೇವರ ಫೋಟೋಗಳ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಕೊಟ್ಟರು.

ಕವರಿನೊಳಗಿನಿಂದಲೇ ಕಾಣುತ್ತಿತ್ತು. ಬಿಳಿಯ ಮೇಲ್ಬದಿ, ಅದರ ಮೇಲೆ ನನ್ನ ಕೈಬರಹ, ಬರಹದ ಪಕ್ಕದಲ್ಲಿ ಕುಂಕುಮದ ಬೊಟ್ಟು. ಮೇಲ್ಬದಿಯಲ್ಲಿ! ಹೆಸರು ಬರೆಯುವ ಬದಿಯಲ್ಲಿ. ಗೌಡರು ನನ್ನ ಮಾತು ಕೇಳಿದ್ದರು. ಅಲ್ಲಿಟ್ಟ ಕುಂಕುಮದಿಂದ ಏನೂ ಕೆಡುವುದಿಲ್ಲ, ತಿರುಗಿಸಿದರೆ ಅದು ಕಾಣುವುದೂ ಇಲ್ಲ. ಅಂದರೆ ಮಂಟಪದಲ್ಲಿ ಜಗದೀಶ ಹೇಳಿದ್ದು ಕಟ್ಟುಕಥೆ. ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ನೆನಪೂ ಅದೇ ಬೊಟ್ಟನ್ನು ಹೇಳುತ್ತಿತ್ತೆಂಬುದು ಆ ಕ್ಷಣಕ್ಕೆ ಹೊಳೆಯಲೇ ಇಲ್ಲ. ಡಿಸ್ಕನ್ನು ಕವರಿನಿಂದ ತೆಗೆಯುವ ತಾಳ್ಮೆಯೂ ಇಲ್ಲದೆ ಅಲ್ಲಿಂದಲೇ ಜಗದೀಶನಿಗೆ ಫೋನ್ ಮಾಡಿದೆ.

"ಲೋ ಜಗ್ಗ, ಮಾಸ್ಟರ್ ಸಿಕ್ಕಿದೆ. ಗೌಡರ ಮನೇಲಿದ್ದೀನಿ. ಕುಂಕುಮ ಮೇಲ್ಗಡೆ ಇದೆ ಕಣೋ. ಹೊಟ್ಟೆ ಮೇಲಲ್ಲ!"

ಅತ್ತ ಕಡೆ ಟಿ.ವಿ. ಸದ್ದು ಕಡಿಮೆಯಾಯಿತು. ಆಮೇಲೆ ನಗು.

"ಇನ್ನೆಲ್ಲಿರ್ತದ್ಲಾ? ಕುಂಕುಮ ಮ್ಯಾಲೇ ಇಟ್ಟಿದ್ದು. ಕೆಳಗಡೆ ಇದ್ದುದ್ದು ಗಂಧ. ಗೌಡ್ರು ಗಂಧದ ಕೈಲಿ ಹಿಡ್ಕಂಡಿದ್ರು ಕಣ್ಲಾ, ಬೆಳ್ ಬೆಳ್ಳಂಗೆ ಬೆರಳ ಗುರ್ತು ಇತ್ತು. ಗಂಧ ಅಂದ್ರೆ ಮಂಟಪದಲ್ಲಿ ಯಾವನ್ ನಗ್ತಾನೆ? ಅದ್ಕೆ ಕುಂಕುಮ ಅಂತೀನಿ. ಊರೆಲ್ಲ ಅಂಗೇ ಹೇಳ್ಕಂಡ್ ಬಂದಿವ್ನಿ. ಯಾಕ್ಲಾ, ನೀನು ನೋಡ್ನಿಲ್ವಾ ಅವತ್ತು?"

ನಾನು ಫೋನ್ ಇಟ್ಟೆ.

"ಏನಂತೆ ಜಗದೀಶಂದು?" ಎಂದರು ಗೌಡರು, ಕಾಫಿ ಲೋಟ ಮುಂದೆ ತಳ್ಳುತ್ತ. "ಒಳ್ಳೇವ್ನು ಕಣ್ಲಾ ಅವ್ನು. ಹಬ್ಬ ಹಬ್ಬಕ್ಕೂ ಫೋನ್ ಮಾಡ್ತಾನೆ."

ಡಿಸ್ಕನ್ನು ಕವರಿನಿಂದ ತೆಗೆದೆ. ತಿರುಗಿಸಿ ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. ಆಮೇಲೆ ಅದನ್ನು ಗೌಡರ ಕೈಗೆ ಕೊಟ್ಟು, ಅವತ್ತು ಪೂಜೆ ಮಾಡುವಾಗ ಹೇಗೆ ಹಿಡಿದಿದ್ದಿರಿ ತೋರಿಸಿ ಎಂದೆ. "ಇಂಗೆ," ಎಂದು ಅವರು ಎಡಗೈಯ ಬೆರಳುಗಳನ್ನು ಕೆಳಗೆ ಅಗಲಿಸಿ, ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬಲಗೈಯ ಉಂಗುರದ ಬೆರಳು ಸಲೀಸಾಗಿ ಹಳೆಯ ಕುಂಕುಮದ ಮೇಲೆ ಹೋಗಿ ನಿಂತಿತು.

ನಾನು ಬಗ್ಗಿ ಕೆಳಗಿನಿಂದ ನೋಡಿದೆ. ಈ ಬರಹದಲ್ಲಿ ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಇದೊಂದೇ: ಓದುವ ಬದಿಯಲ್ಲಿ ಎಲ್ಲೂ ಕೆಂಪಿಲ್ಲ. ಬಿಳಿಚಿದ ಗಂಧದ ಗುರುತುಗಳಿವೆ, ಅವುಗಳ ಸುತ್ತ ಒರೆಸಿದ ಗೀರುಗಳಿವೆ, ಗೌಡರ ಬೆರಳುಗಳು ಒಂದೊಂದೂ ಅವುಗಳ ಮೇಲೆಯೇ ಕೂತಿದ್ದವು.